ಹೆಸರು ಹಿಡಿದು ಕರೆಯುವ ತನಕ

ಪುಷ್ಯ ಮಳೆ ಹಿಡಿದು ಐದು ದಿನವಾಗಿತ್ತು. ಕುಪ್ಪಗಡ್ಡೆಯ ಬಸಕ್ಕನ ಗದ್ದೆಗೆ ಸಸಿ ನೆಟ್ಟಿಗೆ ಬಂದಿದ್ದ ಹೆಂಗಸರು, ಮಟಮಟ ಮಧ್ಯಾಹ್ನವೇ ಸಂಜೆಯ ಹಾಗೆ ಕಪ್ಪಾಗಿ ಮಳೆ ಕಣ್ಣು ಬಿಡಲು ಕೊಡದಂತೆ ಸುರಿಯತೊಡಗಿದಾಗ, ಸಸಿಯ ಕಟ್ಟನ್ನು ಬದುವಿನ ಮೇಲೆ ಬಿಟ್ಟು ಓಡಿಬಂದು ಜಗಲಿ ಸೇರಿದರು. ಹೂಡಲು ಬಂದಿದ್ದ ಮಂಜಪ್ಪ ಎತ್ತುಗಳನ್ನು ಕೊಟ್ಟಿಗೆಗೆ ಕಟ್ಟಿ, ಕಂಬಳಿ ಕೊಪ್ಪೆ ಕೊಡವಿ, ಕಂಬಕ್ಕೊರಗಿ ಕುಳಿತ. ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಸೊಸೆ ವನಜಮ್ಮ ಎಲ್ಲರಿಗೂ ಬಾಳೆಲೆ ಹಾಕಿ ಅನ್ನ, ಹುರುಳಿ ಸಾರು ಬಡಿಸುತ್ತಿದ್ದಳು.

ಅತ್ತೆಯ ಊಟದ ಪದ್ಧತಿ ವನಜಮ್ಮನಿಗೆ ಈಗ ರೂಢಿಯಾಗಿತ್ತು. ತಾನು ತುತ್ತೆತ್ತುವ ಮೊದಲು ಬಸಕ್ಕ ಅನ್ನ ಕಲಸಿ ಮೂರು ಉಂಡೆ ಕಟ್ಟಿ, ಅಂಗಳದ ಮೆಟ್ಟಿಲುಗಲ್ಲಿನ ಮೇಲಿಟ್ಟು, ಅಲ್ಲೇ ಬಗ್ಗಿ ಏನೋ ಗೊಣಗಿ ಬರುತ್ತಿದ್ದಳು. ಕಾಗೆಗೋ ಹಿರಿಯರಿಗೋ ಇರಬೇಕೆಂದು ಸೊಸೆ ಕೇಳಲು ಹೋಗಿರಲಿಲ್ಲ. ಒಂದೇ ಸಂಗತಿ ಅವಳಿಗೆ ಬಗೆಹರಿದಿರಲಿಲ್ಲ. ಅನ್ನ ಕಂಡರೆ ಕುಣಿದಾಡುವ ಮನೆಯ ನಾಯಿ ಆ ಹೊತ್ತಿನಲ್ಲಿ ಮಾತ್ರ ತಾನಾಗಿ ಎದ್ದು ದೂರ ಹೋಗಿ ಕೂರುತ್ತಿತ್ತು.

ಇವತ್ತು ಆ ಮೂರು ಉಂಡೆ ಇನ್ನೂ ಬಸಕ್ಕನ ಎಲೆಯಲ್ಲೇ ಇದ್ದವು. ಅವಳು ಏಳಬೇಕು ಅನ್ನುವಷ್ಟರಲ್ಲಿ ಅಂಗಳದಲ್ಲಿ ಛತ್ರಿ ಹಿಡಿದು ಒಬ್ಬ ಬಂದು ನಿಂತ. ನಲವತ್ತರ ಪ್ರಾಯವಿರಬೇಕು, ಆದರೆ ಕೆನ್ನೆ ಒಳಗೆ ಹೋಗಿ, ಅಂಗಿಯೊಳಗೆ ಮೈಯೇ ಇಲ್ಲವೇನೋ ಎಂಬಂತಿದ್ದ.

"ಬಸಕ್ಕಾ, ನಾನು ಗೋಪಾಲಪ್ಪ. ಸೊರಬದ ತನಕ ಬಸ್ಸು ಸಿಕ್ತು. ಅಲ್ಲಿಂದ ನಡ್ಕೊಂಡೇ ಬಂದೆ."

ಬಸಕ್ಕನ ಮುಖ ಕೆಂಪಗಾಯಿತು. ಗೋಪಾಲಪ್ಪನೆಂದರೆ ಸತ್ತುಹೋದ ತಂಗಿ ಗುಡ್ಡಮ್ಮನ ಮೈದುನ, ಶಿಕಾರಿಪುರದ ಕಡೆಯವನು. ಈ ಮನೆಯಲ್ಲಿ ಅವನ ಹೆಸರೆತ್ತಬಾರದು ಎಂಬುದೊಂದೇ ವನಜಮ್ಮನಿಗೆ ಗೊತ್ತಿದ್ದದ್ದು.

"ಯಾಕ್ ಬಂದೆ?"

"ಆ ಮೂರು ನಾಯಿ ಹೆಸರು ನಿಂಗೊಬ್ಬಳಿಗೇ ಗೊತ್ತಿರೋದು. ಹೇಳಿಬಿಡಕ್ಕ, ನಿನ್ ಕಾಲಿಗೆ ಬೀಳ್ತೀನಿ. ನಾನು ನೆಟ್ಟಗೆ ಒಂದು ತುತ್ತು ಉಂಡು ಎರಡು ವರ್ಷ ಆಗಾಕ್ ಬಂತು."

ನಾಯಿ ಹೆಸರು ಕೇಳಿಕೊಂಡು ಇಷ್ಟು ಮಳೆಯಲ್ಲಿ ಬರುವುದೇ? ನೆಟ್ಟಿಯವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ನಗಬ್ಯಾಡ್ರೇ!" ಬಸಕ್ಕ ಗದರಿದಳು. "ನಗೋ ವಿಷಯ ಅಲ್ಲ ಇದು. ವನಜಾ, ಇವನಿಗೂ ಒಂದೆಲೆ ಹಾಕು. ಬಾಗ್ಲಿಗೆ ಬಂದೋನ್ನ ಹಸ್ಕೊಂಡು ಕಳಿಸ್ಬಾರ್ದು. ಉಂಡ್ರೆ ಉಣ್ಲಿ, ಉಣ್ಣಾಕಾದ್ರೆ! ಹೆಸರು ಹೇಳೋದೋ ಬಿಡೋದೋ ಆಮೇಲೆ. ಇಷ್ಟು ದಿನ ನಂಟಸ್ತನದ ಮರ್ಯಾದಿ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತು ಇವ್ರೆಲ್ಲರ ಮುಂದೆ ಹೇಳ್ತೀನಿ. ನೀನೂ ಕೂತು ಕೇಳು ಗೋಪಾಲಪ್ಪ. ಒಂದು ಸುಳ್ಳು ಸೇರಿಸಿದ್ರೆ ಅಲ್ಲೇ ತಡಿ."

ಗೋಪಾಲಪ್ಪ ತಲೆ ತಗ್ಗಿಸಿ ಎಲೆಯ ಮುಂದೆ ಕುಳಿತ. ಬಸಕ್ಕ ಮಡಿಲಲ್ಲಿದ್ದ ಬೂದುಬಣ್ಣದ ಬೆಕ್ಕನ್ನು ಕೆಳಗಿಳಿಸಿ ಗೋಡೆಗೊರಗಿದಳು.

"ಅಂಜನಾಪುರದ ಡ್ಯಾಮು ದಾಟಿ ಕಾಡಿನೊಳಗೆ ಒಂದು ಮೈಲಿ ಹೋದ್ರೆ ಅಲ್ಲೊಂದು ಹುಲ್ಲುಮನೆ ಇತ್ತು ಕಣ್ರೋ... ಈಗ ಮಣ್ಣಿನ ಗೋಡೆ ಅಷ್ಟೇ ನಿಂತೈತಿ. ನನ್ ತಂಗಿ ಗುಡ್ಡಮ್ಮನ ಮನೆ ಅದು. ಕೊಟ್ಟು ಮೂರೇ ವರ್ಷಕ್ಕೆ ಚಳಿಜ್ವರ ಬಂದು ಗಂಡ ಹೋದ, ಮಕ್ಕಳಿಲ್ಲ ಮರಿಯಿಲ್ಲ. ಆ ಕಾಡಾಗೆ ಒಬ್ಬಳೇ ಏನ್ ಮಾಡ್ತೀಯೇ, ನಮ್ಮನೇಗೆ ಬಾ ಅಂತ ಎಷ್ಟು ಸಲ ಕರೆದಿಲ್ಲ ನಾನು? 'ಒಬ್ಬಳೇ ಎಲ್ಲಿದೀನೇ ಅಕ್ಕಾ, ಇವನ್ನೆಲ್ಲ ಬಿಟ್ಟು ಹೆಂಗ್ ಬರ್ಲಿ' ಅಂತಿದ್ಲು. ಇವೆಲ್ಲ ಅಂದ್ರೆ ಯಾವು? ಎರಡು ಆಕಳು, ರೆಕ್ಕೆ ಮುರಿದ ಒಂದು ಗೊರವಂಕ, ಈ ಬೂದಿ ಬೆಕ್ಕು... ಆಮೇಲೆ ಆ ಮೂರು ನಾಯಿ.

"ಒಂದು ಮುದುಕಿ, ಕರೀದು, ನಾಲ್ಕು ಪಾದನೂ ಬಿಳಿ. ಗುಡ್ಡಮ್ಮನ ಗಂಡ ಬದುಕಿದ್ದಾಗ ಕಂಬಳಿ ಒಳಗೆ ಸುತ್ಕೊಂಡು ತಂದಿದ್ದ ಮರಿ ಅದು. ಅವಳು ನೀರಿಗೆ ಹಳ್ಳಕ್ಕೆ ಹೊಂಟ್ರೆ ಮುಂದೆ ಅದು, ಹಿಂದೆ ಇವಳು. ದಾರಿಗೆ ಹಾವು ಅಡ್ಡ ಬಂದ್ರೆ ಸೀರೆ ಸೆರಗು ಕಚ್ಚಿ ಹಿಂದಕ್ಕೆ ಎಳೀತಿತ್ತು. ಇನ್ನೊಂದು ಕೆಂದನೇದು. ಹಂದಿ ಕೋರೆ ತಾಗಿ ಒಂದು ಕಿವಿ ಹರಿದುಹೋಗಿತ್ತು. ದನ ಕಾಯೋ ಕೆಲಸ ಅದರದ್ದು, ಬೆಳಿಗ್ಗೆ ಆಕಳ ಹಿಂದೆ ಕಾಡಿಗೆ ಹೋದ್ರೆ ಬೈಗಿನ ಹೊತ್ತಿಗೆ ಎರಡನ್ನೂ ಕರ್ಕೊಂಡೇ ಬರೋದು. ಮೂರನೇದು ಕುಂಟ, ಇನ್ನೂ ವರ್ಷ ತುಂಬಿರಲಿಲ್ಲ. ಅದು ಯಾವ ಕೆಲ್ಸಕ್ಕೂ ಬರ್ತಿರಲಿಲ್ಲ ಬಿಡ್ರಿ! ಒಣಗಾಕಿದ ಸೀರೆ ಎಳ್ಕೊಂಡು ಅದರ ಮೇಲೆ ಮಲಗೋದು, ಬೈದ್ರೆ ಬೆನ್ನ ಮೇಲೆ ಬಿದ್ದು ಹೊಟ್ಟೆ ತೋರ್ಸೋದು. ಅದಕ್ಕೇ ಮುದ್ದು ಜಾಸ್ತಿ. ಈ ಬೆಕ್ಕು ಐತಲ್ಲ, ಮುದುಕಿ ಹೊಟ್ಟೆಗೆ ಆತ್ಕೊಂಡೇ ಮಲಗ್ತಿತ್ತು, ಬೇರೆ ಎಲ್ಲೂ ನಿದ್ದಿ ಬರ್ತಿರಲಿಲ್ಲ ಇದಕ್ಕೆ. ಗೊರವಂಕ ಗುಡ್ಡಮ್ಮನ ಕೆಮ್ಮು ಕಲ್ತಿತ್ತು. ನಾನು ಹೋದಾಗ್ಲೆಲ್ಲ, ಯಾರು ಕೆಮ್ಮಿದ್ದು, ತಂಗಿನೋ ಹಕ್ಕಿನೋ ಅಂತ ಗೊತ್ತಾಗ್ತಿರಲಿಲ್ಲ..."

ಬಸಕ್ಕ ನಗುವವಳಂತೆ ಕಂಡಳು. ಆದರೆ ನಗಲಿಲ್ಲ. "ನಾಯಿ ಹೆಸ್ರೇನಜ್ಜಿ?" ಎಂದು ನೆಟ್ಟಿಯ ಹುಡುಗಿಯೊಬ್ಬಳು ಕೇಳಿದಳು.

"ಅದೊಂದು ಕೇಳಬ್ಯಾಡ. ಈ ಮನುಷ್ಯ ಇಲ್ಲಿ ಕೂತಿರೋತನಕ ನನ್ ಬಾಯಿಂದ ಅದು ಬರಲ್ಲ. ಅವಳು ಊಟಕ್ಕೆ ಕೂರೋ ಕ್ರಮ ಹೇಳ್ತೀನಿ ಕೇಳ್ರಿ, ಕತೆ ಇರೋದೇ ಅದ್ರಾಗೆ. ತನ್ನ ತುತ್ತಿಗೆ ಮೊದ್ಲು ಮೂರು ಉಂಡೆ ಕಟ್ಟಿ ಬಾಗ್ಲ ಕಲ್ಲಿನ ಮೇಲೆ ಇಡ್ತಿದ್ಲು. ನಾಯಿ ಮೂರೂ ಸಾಲಾಗಿ ಕೂರ್ತಿದ್ವು, ಜೊಲ್ಲು ಸುರಿತಿದ್ರೂ ಮುಟ್ತಿರಲಿಲ್ಲ. ಮೊದ್ಲು ಮುದುಕಿ ಹೆಸರು ಕರೀಬೇಕು, ಅದು ತಿನ್ನಬೇಕು. ಆಮೇಲೆ ಕೆಂದನ ಹೆಸರು, ಆಮೇಲೆ ಕುಂಟಂದು. ಹೆಸರು ಹಿಡಿದು ಕರೀದೇ ಇದ್ರೆ ಬಂಗಾರದ ಬಟ್ಟಲಾಗೆ ಹಾಲು ಇಟ್ರೂ ಮೂಸ್ತಿರಲಿಲ್ಲ. ಹಂಗೆ ಕಲಿಸಿದ್ಲು. ಯಾಕಂದ್ರೆ ಕಾಡು ನೋಡ್ರಿ, ಯಾರೋ ಏನೋ ಹಾಕಿರ್ತಾರೆ, ತಿಂದು ಸಾಯಬಾರ್ದು ಅಂತ. ಕೇಳಿದ್ರೇನ್ರೋ? ತಿಂದು ಸಾಯಬಾರ್ದು ಅಂತ!

"ಈ ಗೋಪಾಲಪ್ಪ ಕೆಳಗಿನ ಊರಾಗೆ ಹೆಂಡ್ತಿ ರಾಧಮ್ಮನ ಜೊತೆ ಇದ್ದ. ಕಾಡಂಚಿನ ಗದ್ದೆ ಇವನೇ ಮಾಡ್ತಿದ್ದ. ವಾರಕ್ಕೆ ಮೂರು ದಿನ ಅವಳ ಮನೇಲೇ ಉಣ್ತಿದ್ದ. ಅಷ್ಟು ವರ್ಷ ಆ ಹೆಸರು ಇವನ ಕಿವಿ ಮೇಲೆ ಬಿದ್ದಾವೆ. ಒಂದಾದ್ರೂ ನೆನಪಿಟ್ಕೊಂಡ್ನಾ? ಇವನಿಗೆ ಎಲ್ಲ ನಾಯಿಗೂ ಒಂದೇ ಮಾತು, 'ಹಚಾ'. ಬಂದ್ರೂ ಹಚಾ, ಹೋದ್ರೂ ಹಚಾ. 'ಅನ್ನ ದಂಡ ಅತ್ತಿಗೆ, ಇವನ್ನ ಹೊಡೆದಾಕು' ಅಂತಿದ್ದ. ಹೌದೋ ಅಲ್ಲೋ ಗೋಪಾಲಪ್ಪ?"

ಗೋಪಾಲಪ್ಪನ ಅನ್ನ ಕಲಸಿದ ಕೈ ಎಲೆಯ ಮೇಲೆ ಹಾಗೇ ಇತ್ತು. ಅವನು ಎಲೆಯನ್ನು ನೋಡುತ್ತಿಲ್ಲ, ಎಲೆಯಿಂದಾಚೆಗಿನ ಖಾಲಿ ನೆಲವನ್ನು ನೋಡುತ್ತಿದ್ದಾನೆ ಎಂಬುದನ್ನು ವನಜಮ್ಮ ಗಮನಿಸಿದಳು.

"ನಯಾಪೈಸೆ ಬಂತಲ್ಲ, ಆ ವರ್ಷ ಹಂದಿ ಕಾಟ ಹೇಳತೀರದು. ತೆನೆ ಹಾಲು ತುಂಬೋ ಹೊತ್ತಿಗೆ ಬಂದು ಗದ್ದೆ ಉತ್ತಹಂಗೆ ಉತ್ತಾಕ್ತಿದ್ವು. ಇವನಿಗೆ ಸಿಟ್ಟು. ಬರ್ಲಿ ಬಿಡ್ರಿ, ಬೆಳೆ ಹೋದ್ರೆ ಯಾರಿಗೆ ಸಿಟ್ಟು ಬರಲ್ಲ? ಬೇಲಿ ಕಟ್ಟಬೇಕಿತ್ತು, ಅಟ್ಟ ಹಾಕಿ ಕಾಯಬೇಕಿತ್ತು, ಡಬ್ಬ ಬಡೀಬೇಕಿತ್ತು. ಇವನೇನ್ ಮಾಡ್ದ? ಪೇಟೆಯಿಂದ ಇಲಿ ಪಾಷಾಣ ತಂದ. ತಂದೋನು ಯಾವತ್ತು ಹಾಕಿದ, ಯಾವುದ್ರಾಗೆ ಹಾಕಿದ ಗೊತ್ತೇನ್ರೋ? ಭೂಮಿ ಹುಣ್ಣಿಮೆ ದಿನ... ಚರಗದ ಅನ್ನದಾಗೆ!"

ಜಗಲಿಯ ಮೇಲೆ ಉಣ್ಣುತ್ತಿದ್ದ ಕೈಗಳೆಲ್ಲ ನಿಂತವು. ಮಂಜಪ್ಪ "ಶಿವಶಿವಾ" ಎಂದ. ಅಲ್ಲಿದ್ದವರಲ್ಲಿ ಆ ಹಬ್ಬ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಪೈರು ಹೊಡೆಯಾದ ಭೂಮಿ ಬಸುರಿ ಎಂದು ಅವತ್ತು ಬಯಕೆಯ ಊಟ ಹಾಕುವುದು. ರಾತ್ರಿಯಿಡೀ ಹೆಂಗಸರು ಬಗೆಬಗೆಯ ಸೊಪ್ಪು, ಕಡುಬು, ಅಮಟೆಕಾಯಿ ಬೇಯಿಸಿ, ಬೆಳಗಿನ ಜಾವ ಗಂಡಸರು ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನು ಹೊತ್ತು, ಗದ್ದೆಯ ನಾಲ್ಕು ಮೂಲೆಗೂ ಚರಗವೆಂದು ಬೀರಿ ಬರುವರು.

"ಬಸುರಿ ಬಯಕೆಗೆ ಇಟ್ಟ ಊಟಕ್ಕೆ ಪಾಷಾಣ ಬೆರೆಸೋ ಗಂಡಸನ್ನ ನೀವು ಕಂಡಿದ್ರೇನ್ರೋ? ನಾಲ್ಕನೇ ಮೂಲೆ ಕಾಡಿನ ಕಡೆಗೈತಿ, ಹಂದಿ ಬರೋದೇ ಅಲ್ಲಿಂದ, ಅಲ್ಲಿಗೆ ಬೀರೋ ಉಂಡೆಗೆ ಮಾತ್ರ ಬೆರೆಸಿದ. ಅಷ್ಟು ಹುಷಾರಿ! ಆದ್ರೆ ಇವನಿಗೆ ಗೊತ್ತಿಲ್ಲದ್ದು ಒಂದಿತ್ತು. ಪ್ರತಿ ವರ್ಷ ಚರಗ ಚೆಲ್ಲಿ ಇವನು ಮನೆ ಕಡೆ ಹೋದಮೇಲೆ, ನನ್ ತಂಗಿ ಆ ಮೂಲೆಗೆ ಬಂದು, ಬಿದ್ದಿದ್ರಾಗೆ ಮೂರು ಉಂಡೆ ಆರ್ಸಿ ನಾಯಿಗೆ ಕೊಡ್ತಿದ್ಲು. 'ಬಸುರೀನ ರಾತ್ರಿಯೆಲ್ಲ ಕಾದೋರು ಇವರು, ಇವರಿಗೂ ಒಂದು ತುತ್ತು ಸಲ್ಲಬೇಕು' ಅಂತ. ವರ್ಷಾ ವರ್ಷಾ ನಡೀತಿತ್ತು. ಇವನು ಒಂದು ಸಲನಾದ್ರೂ ತಿರುಗಿ ನೋಡಿದ್ರೆ ತಾನೆ ಗೊತ್ತಾಗೋದು?

"ಆ ವರ್ಷ ಬುಟ್ಟಿ ಮರ್ತು ಇವನು ತಿರುಗಿ ಬಂದ. ಹಿಂದೆ ರಾಧಮ್ಮ. ಇಬ್ನಿ ಬಿದ್ದ ಬದುವಿನ ಮೇಲೆ ಗುಡ್ಡಮ್ಮ ಕೂತಿದ್ಲು, ಅಂಗೈ ಮೇಲೆ ಉಂಡೆ ಇತ್ತು, ಮುಂದೆ ಮೂರೂ ಸಾಲಾಗಿ ಕೂತಿದ್ವು. ಇವನಿಗೂ ಅವಳಿಗೂ ಎಷ್ಟು ದೂರ ಗೊತ್ತೇನ್ರೋ? ಹತ್ತು ಮಾರು. ಮಾತು ಕೇಳ್ಸೋ ದೂರ. ಒಂದು ಮಾತು, 'ಬ್ಯಾಡ' ಅನ್ನೋ ಒಂದೇ ಒಂದು ಮಾತು ಸಾಕಿತ್ತು! ಆಚೆ ಗದ್ದೇಲಿ ಊರಿನೋರೆಲ್ಲ ಇದ್ರು. ಬ್ಯಾಡ ಅಂದ್ರೆ ಯಾಕ್ ಬ್ಯಾಡ ಅಂತ ಹೇಳಬೇಕು. ಭೂಮ್ತಾಯಿ ಅನ್ನಕ್ಕೆ ವಿಷ ಹಾಕ್ದೆ ಅಂತ ಎಲ್ಲರ ಮುಂದೆ ಒಪ್ಕೋಬೇಕು, ಮಾನ ಹೋಗ್ತತಿ. ರಾಧಮ್ಮನೇ ಹೇಳಿದ್ದು ನಂಗೆ. 'ಇವರ ಬಾಯಿ ತೆರೀತು ಅಕ್ಕಾ, ನಾನ್ ನೋಡ್ದೆ, ತೆರೀತು... ಆಮೇಲೆ ಮುಚ್ಕೊಂತು' ಅಂದ್ಲು. ಮಾತಾಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಅಂತಾರೆ. ಆಡದೇ ಇದ್ರೆ ಹೋಗೋದು ಏನು ಅಂತ ನಾನ್ ನೋಡಿದೀನಿ.

"ಅವಳು ಮೂರೂ ಹೆಸರು ಕರೆದ್ಲು. ಒಂದಾದಮೇಲೆ ಒಂದು. ಕ್ರಮವಾಗಿ."

ಮಳೆ ಹೆಂಚಿನ ಮೇಲೆ ಧೋ ಎನ್ನುತ್ತಿತ್ತು. ಬಸಕ್ಕ ಸೆರಗಿನಿಂದ ಮೂಗೊರೆಸಿಕೊಂಡು, ಮೊದಲಿಗಿಂತ ಗಟ್ಟಿ ದನಿಯಲ್ಲಿ ಮುಂದುವರಿಸಿದಳು.

"ಬಿಸಿಲೇರೋ ಹೊತ್ತಿಗೆ ಮೂರೂ ಹೋದ್ವು. ಕುಂಟ ಮರಿ ಕಡೇಗೆ ಹೋತಂತೆ, ಅವಳ ಸೀರೆ ಮೇಲೇ. ನಾನು ಸುದ್ದಿ ಕೇಳಿ ಗಾಡಿ ಕಟ್ಟಿಸ್ಕೊಂಡು ಓಡಿದೆ. ಅವಳು ಅಳ್ತಿರಲಿಲ್ಲ. ತನ್ನ ಬಲಗೈನ ತಿರುಗಿಸಿ ತಿರುಗಿಸಿ ನೋಡ್ಕೊಂತಿದ್ಲು. 'ಈ ಕೈಯಾಗೆ ಏನಿತ್ತೇ ಅಕ್ಕಾ? ಈ ಕೈಯೇ ಅಲ್ವೇನೇ ಕೊಟ್ಟಿದ್ದು?' ಅಂತಿದ್ಲು. ಆಮೇಲೆ ಆ ಕೈಯಾಗೆ ತುತ್ತು ಎತ್ತಾಕೇ ಆಗ್ಲಿಲ್ಲ ಅವಳಿಗೆ. ನಾನು ಕಲಸಿ ಬಾಯಿಗಿಟ್ರೆ ಅರ್ಧ ನುಂಗಿ ಅರ್ಧ ಉಗುಳ್ತಿದ್ಲು. ಇವನು ದಿನಾ ಬಂದು ಬಾಗ್ಲಲ್ಲಿ ನಿಂತು ನೋಡ್ಕೊಂಡು ಹೋಗ್ತಿದ್ದ. ಆವಾಗ್ಲಾದ್ರೂ ಹೇಳಬಹುದಿತ್ತಲ್ಲ, ನಿನ್ ಕೈ ತಪ್ಪಲ್ಲ ಅತ್ತಿಗೆ, ನನ್ ಕೈದು ಅಂತ? ಹೇಳಲಿಲ್ಲ! ಇಪ್ಪತ್ತೊಂದು ದಿನಕ್ಕೆ ನನ್ ತಂಗಿ ಹೋದ್ಲು. ಹೋಗೋ ಮೊದ್ಲು ಒಂದೇ ಮಾತು ಆಡಿದ್ಲು. 'ಅವು ಹಸ್ಕೊಂಡು ಕೂತಿರ್ತಾವೆ ಅಕ್ಕಾ, ಹೆಸರು ಕರೀದೆ ತಿನ್ನಲ್ಲ' ಅಂತ. ಅವಳ ಮಣ್ಣು ಮುಗಿದ ಮೇಲೆ ರಾಧಮ್ಮ ನನ್ನ ಹಿತ್ಲಿಗೆ ಕರ್ಕೊಂಡು ಹೋಗಿ ಪಾಷಾಣದ ಪೊಟ್ಟಣ ತೋರ್ಸಿದ್ಲು. ನನ್ ಹೊಟ್ಟೆ ಹೆಂಗ್ ಉರಿದಿರಬೇಕು ಹೇಳ್ರಿ! ಇವತ್ತಿಗೂ ಆರಿಲ್ಲ ಅದು.

"ಮುಂದಿಂದು ನೀನೇ ಹೇಳಪ್ಪ. ಇವ್ರೆಲ್ಲ ಕೇಳ್ಲಿ."

ಗೋಪಾಲಪ್ಪ ತುಟಿ ಒದ್ದೆ ಮಾಡಿಕೊಂಡ. "ಅತ್ತಿಗೆ ಹನ್ನೊಂದನೇ ದಿನದ ಊಟಕ್ಕೆ ಕೂತಿದ್ದೆ," ಎಂದ. "ಎಲೆ ಮುಂದೆ ಬಂದು ಕೂತ್ವು. ಮೂರೂ, ಸಾಲಾಗಿ. ಬೊಗಳಲ್ಲ, ಕಚ್ಚಲ್ಲ. ಸುಮ್ನೆ ನನ್ ಮುಖ ನೋಡ್ತಾವೆ. ಹಚಾ ಅಂದ್ರೆ ಬಾಲ ಅಲ್ಲಾಡಿಸ್ತಾವೆ. ತುತ್ತು ಬಾಯಿ ಹತ್ರ ತಗೊಂಡ್ರೆ ಮೂರು ತಲೇನೂ ಅದರ ಜೊತೆ ಮೇಲೇಳ್ತಾವೆ... ಗಂಟಲಾಗೆ ಇಳಿಯಲ್ಲ ಬಸಕ್ಕ. ತಾಯಿತ ಕಟ್ಟಿಸ್ದೆ. ಊರು ಬಿಟ್ಟೆ. ಹೋಟ್ಲಾಗೆ ಉಂಡ್ರೆ ಬೆಂಚಿನ ಕೆಳಗೆ ಕೂರ್ತಾವೆ. ಮಾಂಸ ಹಾಕಿ ನೋಡ್ದೆ, ಮೂಸಲಿಲ್ಲ. ಹೆಸರು ಕರೆದ್ರೆ ತಿಂತಾವೆ, ತಿಂದು ಹೋಗ್ತಾವೆ. ನಂಗೆ ಎಷ್ಟ್ ತಿಣುಕಿದ್ರೂ ಒಂದೂ ನೆನಪಾಗ್ತಿಲ್ಲ, ರಾಧಮ್ಮಂಗೂ ನೆನಪಿಲ್ಲ."

"ಈಗೆಲ್ಲಿದಾವೆ?" ಮಂಜಪ್ಪ ಮೆಲ್ಲಗೆ ಕೇಳಿದ.

ಗೋಪಾಲಪ್ಪ ಕೈ ತೋರಿಸಲಿಲ್ಲ. ತೋರಿಸುವ ಅಗತ್ಯವೂ ಬೀಳಲಿಲ್ಲ. ಬಸಕ್ಕ ಕೆಳಗಿಳಿಸಿದ್ದ ಬೂದಿ ಬೆಕ್ಕು ಎದ್ದು, ಮೈಮುರಿದು, ಸಾವಕಾಶವಾಗಿ ನಡೆದು ಅವನ ಎಲೆಯ ಮುಂದಿನ ಖಾಲಿ ನೆಲಕ್ಕೆ ಬಂತು. ಅಲ್ಲಿ ಎರಡು ಸಲ ಸುತ್ತು ಹಾಕಿ, ಬೆನ್ನನ್ನು ಯಾತಕ್ಕೋ ಆನಿಸಿ, ಕಾಲು ಚಾಚಿ ಮಲಗಿತು. ಅದರ ಹಿಂದೆ ಗೋಡೆಯಿರಲಿಲ್ಲ, ಕಂಬವಿರಲಿಲ್ಲ. ಆದರೂ ಅದರ ಮೈ ಉಸಿರಿಗೆ ತಕ್ಕಂತೆ ಮೇಲೇಳುತ್ತಾ ಇಳಿಯುತ್ತಾ ಇತ್ತು, ಅದು ಬೆಕ್ಕಿನ ಉಸಿರಿಗಿಂತ ನಿಧಾನವಾದ ಉಸಿರು. ನೆಟ್ಟಿಯ ಹೆಂಗಸರು ಎಲೆ ಸಮೇತ ಹಿಂದಕ್ಕೆ ಸರಿದರು.

ಮಂಜಪ್ಪ ಕೈ ಮುಗಿದ. "ಹೋಗ್ಲಿ ಬಿಡು ಬಸಕ್ಕ. ಮಾಡಿದ್ದುಣ್ಣೋ ಮಾರಾಯ ಅಂತ ಅವನೂ ಅನುಭವಿಸಿದಾನೆ. ಹೇಳಿಬಿಡು."

"ಏನ್ ಅನುಭವಿಸಿದಾನೆ?" ಬಸಕ್ಕ ನೆಲಕ್ಕೆ ಕೈ ಊರಿ ಎದ್ದು ನಿಂತಳು. "ನಿಂಗೇನ್ ಹೋಗ್ಬೇಕು ಮಂಜಪ್ಪ, ದಾನ ಮಾಡಾಕೆ? ಸತ್ತಿದ್ದು ನಿನ್ ತಂಗಿನಾ? ಗೋಪಾಲಪ್ಪ, ಅವತ್ತು ನನ್ ತಂಗಿಗೆ ನಿನ್ನಿಂದ ಬೇಕಾಗಿದ್ದು ಒಂದೇ ಒಂದು ಮಾತು. ನೀನು ಕೊಡಲಿಲ್ಲ. ಇವತ್ತು ನೀನು ನನ್ ಹತ್ರ ಮೂರು ಮಾತು ಕೇಳಾಕೆ ಬಂದಿದೀಯ! ಹೆಸರು ಹೇಳಿದ್ರೆ ಏನಾಗ್ತತಿ ಗೊತ್ತಾ? ನೀನು ಕರೀತೀಯ. ಅವು ಬಂದೇ ಬರ್ತಾವೆ, ಬಾಲ ಅಲ್ಲಾಡಿಸ್ಕೊಂಡು, ಹುಚ್ಚುಮುಂಡೇವು. ನಿನ್ ಕೈಯಾಗಿಂದು ನಂಬಿ ತಿಂತಾವೆ. ಆ ನಂಬಿಕೆ ನಿನ್ ಕೈಗೆ ನಾನ್ ಕೊಡಲ್ಲ. ಈ ಜನ್ಮದಾಗೆ ಕೊಡಲ್ಲ. ಏಳು!"

ಗೋಪಾಲಪ್ಪ ಉಣ್ಣದ ಎಲೆಗೆ ಕೈ ಮುಗಿದು, ಎದ್ದು, ಛತ್ರಿಯನ್ನೂ ಬಿಚ್ಚದೆ ಮಳೆಯೊಳಗೆ ಇಳಿದ. ತೋಯ್ದ ಅವನ ಬೆನ್ನು ಬೇಲಿಯ ತಿರುವಿನಲ್ಲಿ ಮರೆಯಾಯಿತು.

ವನಜಮ್ಮನಿಗೆ ಅತ್ತೆಯ ಮೇಲೆ ಸಿಟ್ಟು ಬಂದಿತ್ತು, ಅವಳ ಸಿಟ್ಟಿನ ಮೇಲೆ ಗೌರವವೂ ಬಂದಿತ್ತು. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. "ಅತ್ತೆ, ಅವನ ಪಾಡು ಹಾಳಾಗ್ಲಿ. ಆ ನಾಯಿಗಳು ಏನ್ ತಪ್ಪು ಮಾಡಿದ್ವು? ಎರಡು ವರ್ಷದಿಂದ ಹಸ್ಕೊಂಡು ಅವನ ಮುಂದೆ ಕೂತಾವಲ್ಲ, ಪಾಪ."

"ಹಸ್ಕೊಂಡಾ?" ಬಸಕ್ಕ ಸೊಸೆಯ ಕಡೆ ತಿರುಗಿದಳು. "ನನ್ ತಂಗಿ ಸಾಕಿದ್ದನ್ನ ನಾನು ಹಸ್ಕೊಂಡು ಇಡ್ತೀನೇನೇ?"

ಅವಳು ತನ್ನ ಎಲೆಯಿಂದ ಮೂರು ಉಂಡೆ ಎತ್ತಿಕೊಂಡು ಮೆಟ್ಟಿಲುಗಲ್ಲಿನ ಬಳಿ ಹೋದಳು. ಸೂರಿನ ಕೆಳಗೆ ಮಲಗಿದ್ದ ಮನೆಯ ನಾಯಿ ಎದ್ದು, ತಲೆ ತಗ್ಗಿಸಿ, ದೂರ ಹೋಗಿ ಕೂತಿತು. ಬಸಕ್ಕ ಉಂಡೆಗಳನ್ನು ಸಾಲಾಗಿಟ್ಟು, ಬಗ್ಗಿ, ಒಂದು ಹೆಸರು ಕರೆದಳು. ಮಳೆಯ ಸದ್ದಿಗೆ ಅದು ಯಾರಿಗೂ ಕೇಳಿಸಲಿಲ್ಲ. ಆದರೆ ಜಗಲಿಯ ಮೇಲೆ, ಒರಗಿದ್ದದ್ದು ಎದ್ದುಹೋದಂತೆ, ಬೂದಿ ಬೆಕ್ಕು ಪಕ್ಕಕ್ಕೆ ಉರುಳಿ ಎಚ್ಚರಗೊಂಡಿತು. ಬಸಕ್ಕ ಎರಡನೇ ಹೆಸರು ಕರೆದಳು. ಮೂರನೆಯದನ್ನು ಕರೆಯುವಾಗ ಅವಳ ದನಿ ಮುದ್ದಿಗಿಳಿಯಿತು.

ವನಜಮ್ಮ ಕಲ್ಲಿನ ಮೇಲಿಂದ ಕಣ್ಣು ಕೀಳಲಿಲ್ಲ. ಅಂಥ ಮಳೆಯಲ್ಲಿ ಒಂದು ಕಾಗೆಯೂ ಹೊರಗಿರಲಿಲ್ಲ. ಮೊದಲು ಎಡಗಡೆಯ ಉಂಡೆ ಹೋಯಿತು, ಆಮೇಲೆ ನಡುವಿನದು, ಆಮೇಲೆ ಬಲಗಡೆಯದು.

ಬಸಕ್ಕ ಸೂರಿನ ನೀರಿಗೆ ಕೈಯೊಡ್ಡಿ ತೊಳೆದುಕೊಂಡಳು. ಕೆಲಸಕ್ಕೆ ಕಳಿಸುವ ಮಕ್ಕಳಿಗೆ ಹೇಳುವ ದನಿಯಲ್ಲಿ, ಮೆಟ್ಟಿಲಿನ ಕಡೆ ನೋಡುತ್ತ ಹೇಳಿದಳು:

"ಹೊಟ್ಟೆ ತುಂಬ್ತೇನ್ರೋ? ಹಂಗಾರೆ ಏಳ್ರಿ. ಹೋಗಿ ಅವನ ಮುಂದೆ ಕೂರ್ರಿ. ಅವನಿನ್ನೂ ಹಳ್ಳ ದಾಟಿರಲ್ಲ."